ಎದೆಗೆ ಹಾಕಲಾಗದ ಕೂಸು

ನಾಗರತ್ನಾಳ ಮಗನನ್ನು ನೋಡಿದವರೆಲ್ಲ ಎಷ್ಟು ಚೆಂದದ ಮುಖ ಎನ್ನುತ್ತಿದ್ದರು. ತುಟಿ, ಮೂಗು, ಗಲ್ಲ, ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಬಾಯಿಯ ಒಳಗೆ. ಅಂಗುಳ ಸೀಳಿತ್ತು. ಎದೆಗೆ ಹಚ್ಚಿದರೆ ಕೂಸು ಚೀಪಲು ನೋಡುತ್ತಿತ್ತು, ಬರೀ ಗಾಳಿ ಎಳೆದುಕೊಂಡು ಸೋತು ಅಳುತ್ತಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸ್ ಮಿನಾಜ್ ಹತ್ತಿರ ಕೂತು ಕಲಿಸಿದ್ದಳು. "ಮೊದಲ ಕೈ ತೊಳಕೋರಿ. ಬಿಸಿನೀರಾಗ ಅದ್ದಿ ಹಿಂಡಿದ ಅರಿಬಿ ಎದಿ ಮ್ಯಾಲ ಸ್ವಲ್ಪ ಹೊತ್ತು ಇಡ್ರಿ. ಬೆರಳು ಕಪ್ಪು ಭಾಗದ ಹಿಂದ ಇಟ್ಟು, ಮೊದಲ ಎದಿಗೂಡಿನ ಕಡೆ ಒತ್ರಿ, ಆಮ್ಯಾಲ ಹಿಂಡ್ರಿ. ಬೆರಳು ಜಾರಿಸಬ್ಯಾಡ್ರಿ, ಚರ್ಮ ಸುಲೀತದ. ಹಾಲು ತೆಗಿಯೋ ಪಂಪ್ ಹಚ್ಚಿದ್ರ ನೋವಾಗಬಾರದು, ನೋವಾದ್ರ ಅದರ ಬಟ್ಟಲು ನಿಮ್ಮ ಅಳತೀದಲ್ಲ. ಎರಡು ಮೂರು ತಾಸಿಗೊಮ್ಮೆ ತೆಗೀರಿ, ಬಿಟ್ರ ಹಾಲು ಬತ್ತತಾವ." ಕುಡಿಸುವಾಗ ಕೂಸನ್ನು ನೆಟ್ಟಗೆ ಕೂರಿಸಿ ಒಳಲೆಯ ಮೂತಿಯಿಂದ ಗಲ್ಲದ ಒಳಬದಿಗೆ ತುಸುತುಸುವೇ ಬಿಡಬೇಕು, ನಡುನಡುವೆ ತೇಗಿಸಬೇಕು ಎಂದೂ ತೋರಿಸಿದಳು. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಮಾಡೋಣ ಎಂದಿದ್ದರು ಡಾಕ್ಟರು.

ನಾಗರತ್ನಾಳಿಗೆ ತಾಯಿ ಇರಲಿಲ್ಲ. ತವರುಮನೆ ಗಬ್ಬೂರಿನಲ್ಲಿ ಅಪ್ಪ ಒಬ್ಬನೇ. ಹಾಗಾಗಿ ಬಾಣಂತನಕ್ಕೂ ಮಾನ್ವಿಯ ಗಂಡನ ಮನೆಗೇ ಬಂದಳು. ಬಂದ ದಿನವೇ ಗಂಡ ಶಿವರಾಜ ಕದ ಮುಂದಕ್ಕೆಳೆದು ಹೇಳಿದ: "ಸುನಂದಾನ ಲಗ್ನ ಕುದುರೂತನಕ ಕೂಸಿನ ವಿಷಯ ಹೊಚ್ಚಲ ದಾಟಬಾರದು. ಮನೆತನದಾಗ ಐಬದ ಅಂತಾರ ಮಂದಿ." ಸುನಂದಾ ಅವನ ತಂಗಿ.

ಗುಟ್ಟು ಮನೆಯೊಳಗೆ ಉಳಿಯಿತು, ಅದರ ಜೊತೆ ನಾಗರತ್ನಾಳೂ ಉಳಿದಳು. ಕೂಸು ನೋಡಲು ಬಂದ ಓಣಿಯ ಹೆಂಗಸರು ಪಡಸಾಲೆಯಲ್ಲಿ ಆಡಿಕೊಳ್ಳುವುದು ಒಳಕೋಣೆಗೆ ಕೇಳುತ್ತಿತ್ತು.

"ಹಡದಾಕಿ ಎದಿಗಿ ಹಾಕಿಕೊಳ್ಳಂಗಿಲ್ಲಂತ."

"ಮೈಕಟ್ಟು ಕೆಡ್ತದಂತ ಅಂಜಿಕಿ ಇರಬೇಕು ತಗಿ."

ಪಂಪು ಗುರುಗುಡುತ್ತಿತ್ತು. ಹನಿಹನಿಯಾಗಿ ಡಬ್ಬಿ ತುಂಬುವುದನ್ನು ನೋಡುತ್ತ ಅವಳು ತುಟಿ ಕಚ್ಚಿ ಕೂತಿರುತ್ತಿದ್ದಳು. ಶಿವರಾಜ ಅಕ್ಕಿಗಿರಣಿಯಿಂದ ಬಂದು ಕೂಸಿನ ಕಾಲು ಮುಟ್ಟಿ ನೋಡಿ ಪಡಸಾಲೆಗೆ ಹೋಗಿ ಮಲಗುತ್ತಿದ್ದ. ಪಂಪಿನ ಸದ್ದಿಗೆ ಕೋಣೆಯಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಬೇಸಿಗೆ ಸುಡುತ್ತಿದ್ದಾಗ ದೇವದುರ್ಗದಿಂದ ಗಂಡಿನ ಕಡೆಯವರು ಸುನಂದಾಳನ್ನು ನೋಡಲು ಬಂದರು. ಅತ್ತೆ ವೀರಭದ್ರಮ್ಮ ಬೆಳಿಗ್ಗೆಯೇ ಫ್ರಿಜ್ಜಿನ ಒಳಮೂಲೆಯಲ್ಲಿದ್ದ ಎದೆಹಾಲಿನ ಡಬ್ಬಿಗಳನ್ನು ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದಳು. ಬಂದವರು ತಣ್ಣೀರು ಕೇಳಿದಾಗ ಯಾರ ಕಣ್ಣಿಗೂ ಬೀಳಬಾರದೆಂದು. ನಾಗರತ್ನಾ ನೋಡುವಷ್ಟರಲ್ಲಿ ಹಾಲು ಹುಳಿವಾಸನೆ ಹೊಡೆಯುತ್ತಿತ್ತು. ಬಚ್ಚಲಿಗೆ ಚೆಲ್ಲಿ ಬಂದಳು.

ಕೂಸು ಎದ್ದು ಚೀರತೊಡಗಿತು. ಪಂಪು ಹಚ್ಚಿದರೆ ಸದ್ದಾಗುತ್ತದೆಂದು ಕೈಯಲ್ಲೇ ಹಿಂಡಿದಳು. ಎದೆ ಕಲ್ಲಾಗಿತ್ತು, ಹನಿ ಬರಲಿಲ್ಲ. ಹೊರಗಿಂದ ಯಾರದೋ ದನಿ: "ಹಸದದ ಕೂಸು. ತಾಯಿ ಎಲ್ಲಿ ಹೋದ್ಳು?" ವೀರಭದ್ರಮ್ಮ ಏನೋ ತಡವರಿಸುತ್ತಿದ್ದಳು. ಅಷ್ಟರಲ್ಲಿ ಕದ ತಳ್ಳಿಕೊಂಡು ವಯಸ್ಸಾದ ಹೆಂಗಸೊಬ್ಬಳು ಒಳಗೆ ಬಂದಳು. ಗಂಡಿನ ಸೋದರತ್ತೆ, ನೀಲಗಂಗಮ್ಮ.

"ಎದಿ ತುಂಬಿ ನಿಂತಾವ. ಕೂಸಿನ್ನ ಯಾಕ ಅಳಸಾಕತ್ತಿ ಯವ್ವಾ?"

ನಾಗರತ್ನಾ ಕೂಸಿನ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದಳು. ಅಳುವ ಬಾಯಿ ಅಗಲವಾಗಿ ತೆರೆದಿತ್ತು. ನೀಲಗಂಗಮ್ಮ ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು.

"ದಿನಾ ಹಿಂಗ ಹಿಂಡಿ ಕುಡಸ್ತಿ?"

"ಹುಟ್ಟಿದಾಗಿಂದ್ರಿ."

"ನೀ ಹಿಂಡೂವಾಗ ಕೂಸಿನ್ನ ಯಾರು ಹಿಡೀತಾರ?"

"ಯಾರಿಲ್ರಿ."

ಆ ಮುದುಕಿ ಕದ ಮುಚ್ಚಿ ಬಂದು ನೆಲಕ್ಕೆ ಕೂತು ಕೂಸನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ಬೆರಳು ಅದರ ಕೈಗೆ ಕೊಟ್ಟು ಏನೋ ಗುನುಗಿದಳು. ಕೂಸನ್ನು ಬೇರೊಬ್ಬರು ಹಿಡಿದು ಕೂತದ್ದನ್ನು ನಾಗರತ್ನಾ ಆ ಕೋಣೆಯಲ್ಲಿ ಕಂಡಿರಲೇ ಇಲ್ಲ. ಭುಜ ಸಡಿಲವಾಯಿತು, ಉಸಿರು ಇಳಿಯಿತು, ಹಾಲೂ ಇಳಿಯಿತು. ಬಟ್ಟಲು ತುಂಬಿತು. ಕೂಸು ಕುಡಿದು ತೇಗಿದ ಮೇಲೆ ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಮುಂದಿನ ವಾರ ದೇವದುರ್ಗದಿಂದ ಫೋನು ಬಂತು: ಈ ಸಂಬಂಧ ಕೂಡಿಬರುವುದಿಲ್ಲ. ಕಾರಣ ಹೇಳಲಿಲ್ಲ. ಮುದುಕಿ ಹೇಳಿದಳೋ, ಅವರಿಗೆ ಸುನಂದಾಳೇ ಮನಸ್ಸಿಗೆ ಬರಲಿಲ್ಲವೋ, ನಾಗರತ್ನಾಳಿಗೆ ಕೊನೆಗೂ ತಿಳಿಯಲಿಲ್ಲ.

ಸುನಂದಾ ಕೋಣೆಯ ಬಾಗಿಲಿಗೆ ಬಂದು ನಿಂತಳು. "ಅತ್ತಿಗಿ, ಆಕಿಗೆ ನೀನೇ ತೋರಿಸಿದೇನು?"

"ಹೂಂ. ತೋರಿಸಿದೆ."

ಸುನಂದಾ ತಿರುಗಿ ಹೋದಳು. ಆಮೇಲೆ ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮಾತು ಉಳಿಯಿತು. ಫ್ರಿಜ್ಜಿನ ಡಬ್ಬಿಗಳನ್ನು ಮಾತ್ರ ಮತ್ತೆ ಯಾರೂ ಹೊರಗಿಡಲಿಲ್ಲ.

ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಶಿವರಾಜ ಅವಳನ್ನು ಬಸ್ಸು ಹತ್ತಿಸಿ ಗಿರಣಿಗೆ ಹೋದ. ದಾರಿಯಲ್ಲಿ ಕೂಸು ಹಸಿದು ಅತ್ತಾಗ, ಮಂಜುಗಡ್ಡೆಯ ಚೀಲದಿಂದ ಡಬ್ಬಿ ತೆಗೆದು ಫ್ಲಾಸ್ಕಿನ ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿದಳು. ಪಕ್ಕದ ಹೆಂಗಸು ಒಳಲೆ ನೋಡಿ ಕೇಳಿದಳು: "ಎದಿ ಹಾಲು ಇಲ್ಲೇನವ್ವಾ?"

"ಇವು ಎದಿ ಹಾಲೇ ಅದಾವ್ರಿ. ಕೂಸಿನ ಅಂಗುಳದಾಗ ತೂತದ, ಎಳಕೊಳ್ಳಾಕ ಬರಂಗಿಲ್ಲ. ಅದಕ್ಕ ಹಿಂಡಿ ಕುಡಸ್ತೀನಿ." ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಆ ಹೆಂಗಸು "ಹೌದೇನು" ಎಂದು ಕಿಟಕಿಯ ಕಡೆ ತಿರುಗಿದಳು. ಕಲ್ಲೂರು ಬರುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿತ್ತು. ಕೂಸೂ ನಿದ್ದೆ ಹೋಯಿತು. ನಾಗರತ್ನಾಳ ಎದೆ ಮತ್ತೆ ಬಿಗಿಯತೊಡಗಿತ್ತು. ರಾಯಚೂರಿನಲ್ಲಿ ಇಳಿದೊಡನೆ, ಕೂತು ಹಾಲು ತೆಗೆಯಲು ಒಂದು ಮರೆ ಎಲ್ಲಿ ಸಿಕ್ಕೀತೆಂದು ಯೋಚಿಸುತ್ತ ಅವಳು ಸೆರಗು ಹೊದ್ದು ಕೂತಳು.