ಓರಗಿತ್ತಿಯರ ಸರ್ಕೀಟು

ಊರೂರು ಸರ್ಕೀಟು ಹೊಡೆಯುವುದರಲ್ಲಿ ಕೊರಟಗೆರೆಯ ಮೈಕ್‌ಸೆಟ್ ಅಸ್ಗರನನ್ನು ಮೀರಿಸುವವರಿರಲಿಲ್ಲ. ಆಂಪ್ಲಿಫೈಯರಿನ ಒಳಗಿನ ಸರ್ಕೀಟು ಆರಿಸುವ ಕೆಲಸ ಮಾತ್ರ ಅವನ ತಲೆಗೆ ಬಿದ್ದದ್ದು ಇದೇ ಮೊದಲು. ತಂದು ಹಾಕಿದವರು ಹೊಳವನಹಳ್ಳಿಯ ಓರಗಿತ್ತಿಯರು. ಹಿರಿಯಳು ಮಹಾಲಕ್ಷ್ಮಮ್ಮ, ಗುಡುಗಿನ ಗಂಟಲು. ಕಿರಿಯಳು ವನಜಾಕ್ಷಿ, ಪೀಪಿಯ ಗಂಟಲು. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಹಟಕ್ಕೆ ಮಾತ್ರ ಹದಿನೇಳು.

ಮನೆಯ ಮೊಮ್ಮಗಳು ಆಶಾರಾಣಿಯ ಮದುವೆ ಹತ್ತಿರ ಬಂದಿತ್ತು. ಸೋಬಾನೆಯ ಮೊದಲ ಸಾಲು ಎತ್ತಿಕೊಟ್ಟವಳಿಗೇ ಮೊದಲ ತಾಂಬೂಲ. ಎತ್ತಿಕೊಡುವವಳು ಯಾರು? ಐವತ್ತು ವರ್ಷದ ಹಿಂದೆ ಯಾರೋ ಬಂದು ಇವರಿಬ್ಬರ ಸೋಬಾನೆಯನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿ ಅಚ್ಚು ಹಾಕಿಸಿ ಕಳಿಸಿದ್ದ ಪುಟ್ಟ ರೆಕಾರ್ಡೊಂದು ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಎತ್ತಿಕೊಟ್ಟವಳು ನಾನೇ ಎಂದು ಇಬ್ಬರೂ ಎದೆ ತಟ್ಟಿಕೊಂಡರು. ರೆಕಾರ್ಡು ಹೇಳಿದ ಹಾಗೆ ಆಗಲಿ ಎಂದು ಒಪ್ಪಂದವಾಗಿ ಅದು ಅಸ್ಗರನ ಅಂಗಡಿಗೆ ಬಂತು.

ಅಸ್ಗರ ಹಳೆಯ ರೆಕಾರ್ಡ್ ಪ್ಲೇಯರೊಂದರ ಧೂಳು ಒರೆಸಿ, ಅಭ್ಯಾಸಬಲದಿಂದ ಅದರ ವೈರನ್ನು ಆಂಪ್ಲಿಫೈಯರಿನಲ್ಲಿ ಮೈಕ್ ಸಿಕ್ಕಿಸುವ ತೂತಿಗೇ ಸಿಕ್ಕಿಸಿದ. ಕೇಳಿಸಿದ್ದು ಪೀಪಿ ಒಂದೇ.

"ಕೇಳ್ದ್ಯಾ ಅಕ್ಕಯ್ಯಾ?" ವನಜಾಕ್ಷಿ ಸೆರಗು ಕೊಡವಿದಳು.

"ನನ್ ಗಂಟ್ಲು ಎಲ್ಲೋಯ್ತು ಕಣ್ಲಾ ಅಸ್ಗರಾ? ನಿನ್ ಡಬ್ಬ ನುಂಗ್ಬುಡ್ತಾ?" ಎಂದಳು ಮಹಾಲಕ್ಷ್ಮಮ್ಮ.

ಸೂಜಿಯಿಂದ ಬರುವ ಸಣ್ಣ ಸದ್ದಿಗೆ ಬೇರೆಯದೇ ಪುಟ್ಟ ಆಂಪ್ಲಿಫೈಯರು ಬೇಕೆಂದು ಅಸ್ಗರನಿಗೆ ಆಗ ಹೊಳೆಯಿತು. ಎರಡು ಟ್ರಾನ್ಸಿಸ್ಟರು ಹಾಕಿ, ಮದುವೆ ಮನೆಯ ರೂಢಿಯಂತೆ ದಪ್ಪ ದನಿಯ ಬೇಸನ್ನು ಕೈತುಂಬ ಸುರಿದು, ಒಂದು ಡಬ್ಬ ಮಾಡಿದ. ಈ ಸಲ ಅಂಗಡಿಯ ಷಟರು ನಡುಗುವಂತೆ ಗುಡುಗು. ಪೀಪಿ ಪತ್ತೆಯಿಲ್ಲ.

"ಇದೇ ಸರಿಯಾದ್ದು. ಮದ್ವೆ ಮೈಕ್‌ಸೆಟ್ಟು ನಿಂದೇ ಬುಡ್ಲಾ," ಎಂದಳು ಹಿರಿಯಳು. ಕಿರಿಯಳು ಮರುದಿನದಿಂದ ಒಬ್ಬಟ್ಟು ಕಳಿಸತೊಡಗಿದಳು. ಅಸ್ಗರ ಆರ್ಡರನ್ನೂ ಹಿಡಿದ, ಒಬ್ಬಟ್ಟನ್ನೂ ಕಡಿದ, ಯಾರಿಗೂ ಮಾತು ಕೊಡಲಿಲ್ಲ. ಒಬ್ಬಳನ್ನು ಗೆಲ್ಲಿಸಿದರೆ ಇನ್ನೊಬ್ಬಳ ಕಡೆಯ ನೆಂಟರು ಮುಂದೆ ಮೈಕ್‌ಸೆಟ್ ತರಲು ಸಿರಾಕ್ಕೆ ಹೋಗುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಮಧುಗಿರಿಗೆ ಬಸ್ಸು ಹತ್ತಿ, ನಿವೃತ್ತ ಫಿಸಿಕ್ಸ್ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರ ಮುಂದೆ ಇಡೀ ಜಗಳವನ್ನು ಎರಡೂ ಗಂಟಲಲ್ಲಿ ಆಡಿ ತೋರಿಸಿದ. ಗುಡುಗು ಕೇಳಿ ಒಳಗಿಂದ ಮೇಷ್ಟ್ರ ಹೆಂಡತಿ, "ಯಾರ್ರೀ ಬಂದಿರೋದು ಹೆಂಗಸು?" ಎಂದರು.

ಮೇಷ್ಟ್ರು ನಕ್ಕು ಕಣ್ಣೊರೆಸಿಕೊಂಡು ಹೇಳಿದರು. "ರೆಕಾರ್ಡು ಕೊರೆಯುವಾಗ ದಪ್ಪ ದನಿ ತಗ್ಗಿಸಿ, ಸಣ್ಣ ದನಿ ಹಿಗ್ಗಿಸಿರ್ತಾರಪ್ಪಾ. ನುಡಿಸುವಾಗ ಅಷ್ಟನ್ನೇ ತಿರುಗಿಸಬೇಕು. ನಿನ್ನ ಮೈಕಿನ ತೂತು ತಿರುಗಿಸಲೇ ಇಲ್ಲ. ನಿನ್ನ ಡಬ್ಬ ಅತಿಯಾಗಿ ತಿರುಗಿಸಿತು." ಹಾಳೆಯ ಮೇಲೆ ಒಂದು ಐಸಿಯ ಸರ್ಕೀಟು ಬರೆದು, ಪಕ್ಕದಲ್ಲಿ ಒಂದೊಂದು ರೆಸಿಸ್ಟರಿನ ಲೆಕ್ಕ ಬರೆದರು.

"ಇದು ಯಾರ ಪರ ಸಾರ್?"

"ಕೊರೆದದ್ದರ ಪರ."

ಅಸ್ಗರ ಆ ಹಾಳೆಯಂತೆ ಹೊಸ ಡಬ್ಬ ಕಟ್ಟಿದ. ಭಾನುವಾರ ಓರಗಿತ್ತಿಯರು ಅಂಗಡಿಯಲ್ಲಿ ಎದುರುಬದುರು ಸ್ಟೂಲಿನಲ್ಲಿ ಕೂತರು. ಅಸ್ಗರ ಮನಸ್ಸಿನಲ್ಲೇ ಬಿಸ್ಮಿಲ್ಲಾ ಹೇಳಿ ಸೂಜಿ ಇಳಿಸಿದ. ಕೊಂಚ ಚರಚರ. ಆಮೇಲೆ ಹಾಡಿಗೆ ಮುಂಚೆ, ಪಿಸುಮಾತು. ಮೊದಲ ಸಲ ಮೈಕಿನ ತೂತು ನುಂಗಿದ್ದ, ಎರಡನೇ ಸಲ ಬೇಸಿನ ಗುಡುಗು ಮುಚ್ಚಿದ್ದ ಆ ಮಾತು ಈಗ ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸಿತು.

"ಲೇ ವನಜಾ, ನಂಗೆ ಮರ್ತೋಯ್ತು ಕಣೇ. ನೀನೇ ಎತ್ಕೊಳೇ, ನಿನ್ ಹಿಂದೇನೇ ಬತ್ತೀನಿ."

ಇಪ್ಪತ್ತರ ಹರೆಯದ ಮಹಾಲಕ್ಷ್ಮಮ್ಮನ ದನಿ. ಮರುಕ್ಷಣ ಪೀಪಿ ಎತ್ತಿಕೊಂಡಿತು, ಗುಡುಗು ಹಿಂದಿನಿಂದ ಓಡಿಬಂದು ಸೇರಿಕೊಂಡಿತು.

ಹಾಡು ಮುಗಿಯಿತು. ವನಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗೆ ಭುಜದಲ್ಲಿ ಕುಣಿಯುತ್ತಿತ್ತು. ಅಸ್ಗರ ಸ್ಕ್ರೂಡ್ರೈವರನ್ನೇ ನೋಡುತ್ತ ನಿಂತ. ಮಹಾಲಕ್ಷ್ಮಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು.

"ಕೇಳ್ದೇನ್ಲಾ ಅಸ್ಗರಾ? ಅಪ್ಪಣೆ ಕೊಟ್ಟೋಳು ಯಾರು?"

"ಅಪ್ಪಣೆನಾ ದೊಡ್ಡಮ್ಮಾ?"

"ಮತ್ತೆ? ನಾನು ಎತ್ಕೊ ಅಂದಿದ್ಕೆ ತಾನೇ ಅವ್ಳು ಎತ್ಕೊಂಡಿದ್ದು! ಇಲ್ದಿದ್ರೆ ಇವತ್ತಿಗೂ ಬಾಯಿ ಮುಚ್ಕಂಡ್ ಕೂತಿರೋಳು."

"ಅಯ್ಯೋ ಅಕ್ಕಯ್ಯಾ, ನಿನ್ ಬಾಯಿಗಿಷ್ಟು!" ಎಂದು ವನಜಾಕ್ಷಿ ತಡೆಯಲಾರದೆ ನಕ್ಕುಬಿಟ್ಟಳು.

ಮದುವೆ ದಿನ ಅಸ್ಗರ ಹಸೆಯ ಹತ್ತಿರ ಒಂದೇ ಮೈಕು ನಿಲ್ಲಿಸಿದ್ದ. ಮಹಾಲಕ್ಷ್ಮಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಕೆರೆಯಾಚೆಗೂ ಕೇಳುವಂತೆ, "ವನಜಾ, ಎತ್ಕೊಳೇ!" ಎಂದು ಗುಡುಗಿ, ಮೊದಲ ತಾಂಬೂಲಕ್ಕೆ ಕೈಚಾಚಿದಳು.