ತಿಪ್ಪೆಗೆ ಬಿದ್ದ ಮಾತ್ರೆ

ಕಾಫಿ ಚರಟ ಸುರಿಯಲು ಹಿತ್ತಿಲ ತಿಪ್ಪೆಗೆ ಹೋದ ಲಕ್ಕಮ್ಮನಿಗೆ ಬೂದಿಯ ನಡುವೆ ಮಾತ್ರೆಗಳು ಕಂಡವು. ತಮ್ಮ ಪಿಳ್ಳಣ್ಣನಿಗೆಂದು ಅವಳೇ ಪೇಟೆಯ ಆಸ್ಪತ್ರೆಯಿಂದ ತಂದಿದ್ದ ಮಾತ್ರೆಗಳು. ಅವಳ ಮೈಯೆಲ್ಲ ಉರಿದುಹೋಯಿತು.

೧೯೫೯ರಲ್ಲಿ, ಜಾಲಹಳ್ಳಿಯ ಕಾರ್ಖಾನೆಗೆ ಹೋಗುತ್ತಿದ್ದ ಪಿಳ್ಳಣ್ಣನಿಗೆ ಇದ್ದಕ್ಕಿದ್ದಂತೆ ಯಾರೋ ಬೈಯುವ ದನಿ ಕೇಳತೊಡಗಿತ್ತು. ಅಪ್ಪ ನರಸಿಂಹಯ್ಯ ಅವನನ್ನು ಗಾಳಿ ಬಿಡಿಸುವವನ ಮುಂದೆ ಕೂರಿಸಿ, ಬೇವಿನ ಬರಲಿನಿಂದ ಬೆನ್ನು ಸುಲಿಸಿದ್ದ. ಗಂಡ ತೀರಿಕೊಂಡ ಮೇಲೆ ಕೋಗಿಲು ಊರಿನ ತವರಿಗೆ ಮರಳಿದ್ದ ಲಕ್ಕಮ್ಮ, ಯಾರ ಮಾತಿಗೂ ಸೊಪ್ಪು ಹಾಕದೆ ತಮ್ಮನನ್ನು ಬಸ್ಸು ಹತ್ತಿಸಿದ್ದಳು.

"ದೆವ್ವ ಅಲ್ಲಮ್ಮ," ಎಂದಿದ್ದರು ಡಾಕ್ಟರು. "ಮಿದುಳಲ್ಲಿ ರಸಾಯನಗಳಿರ್ತವೆ. ಅವುಗಳ ಹದ ಕೆಟ್ಟಿರ್ಬೇಕು. ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಈಚೆಗೆ ಬಂದಿರೋ ಈ ಮಾತ್ರೆ ಮಾತ್ರ ಕೆಲಸ ಮಾಡುತ್ತೆ. ನಿಲ್ಲಿಸ್ಬೇಡಿ."

ಮಾತ್ರೆಯಿಂದ ಬಾಯಿ ಒಣಗುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಆದರೆ ಬೈಗುಳ ನಿಂತಿತು. ಪಿಳ್ಳಣ್ಣ ಮತ್ತೆ ಸೈಕಲ್ಲೇರಿ ಕೆಲಸಕ್ಕೆ ಹೋದ. ಈಗ ಕೆಲವು ದಿನಗಳಿಂದ ನಿದ್ದೆಗೆಟ್ಟು ಗೋಡೆಯೊಡನೆ ಜಗಳಕ್ಕೆ ನಿಲ್ಲುತ್ತಿದ್ದ. ಯಾಕೆಂದು ಅವಳಿಗೆ ಈಗ ತಿಳಿಯಿತು.

ಪಡಸಾಲೆಯಲ್ಲಿ ಜಕ್ಕೂರಿನ ಚಿಕ್ಕಮುನಿಯಪ್ಪ ಕಾಫಿ ಕುಡಿಯುತ್ತಿದ್ದ. ಮಗಳನ್ನು ಪಿಳ್ಳಣ್ಣನಿಗೆ ಕೊಡುವ ಮೊದಲು ಮನೆ ನೋಡಿಹೋಗಲು ಬಂದಿದ್ದ. ಲಕ್ಕಮ್ಮ ನೇರ ಒಳಬಂದು ಬೂದಿ ಮೆತ್ತಿದ ಅಂಗೈಯನ್ನು ಅಪ್ಪನ ಮುಂದೆ ಚಾಚಿದಳು.

"ಇದನ್ನ ಎಸೆದೋರ್ ಯಾರು?"

"ಒಳೀಕ್ ಓಗು," ನರಸಿಂಹಯ್ಯ ಗದರಿದ.

"ಓಗಲ್ಲ. ದಮ್ಮಿಗೆ ನೀನು ದಿನಾ ಮಾತ್ರೆ ನುಂಗಲ್ವಾ? ನಿನ್ ಎದೆಗೊಂದು ನ್ಯಾಯ, ಅವನ ತಲೆಗೊಂದು ನ್ಯಾಯಾನಾ?"

"ಉಚ್ಚರ ಮಾತ್ರೆ ತಿನ್ನೋನಿಗೆ ಯಾರೇ ಎಣ್ಣು ಕೊಡ್ತಾರೆ!" ಎಂದುಬಿಟ್ಟ ನರಸಿಂಹಯ್ಯ ನಾಲಗೆ ಕಚ್ಚಿಕೊಂಡ.

ಚಿಕ್ಕಮುನಿಯಪ್ಪ ಲೋಟವನ್ನು ಕುಕ್ಕಿ ಎದ್ದ. "ಮುಚ್ಚಿಟ್ಟು ಎಣ್ ಕೇಳ್ತಿದ್ರೇನಯ್ಯಾ?" ಚಪ್ಪಲಿ ಮೆಟ್ಟಿ ಹೊರಟೇಹೋದ.

"ಮನೆ ಮಾನ ಕಳೆದೆ!" ನರಸಿಂಹಯ್ಯ ಮಗಳ ಮೇಲೆ ಕೈಯೆತ್ತಿದ.

"ಒಡಿ. ಮಗನ ಬೆನ್ನು ಸುಲಿಸ್ದಾಗ ಓಗದ ಮಾನ ಈಗ ಓಯ್ತಾ?"

ಮೂಲೆಯಲ್ಲಿ ಕುಳಿತಿದ್ದ ಪಿಳ್ಳಣ್ಣನನ್ನು ಇಬ್ಬರೂ ಮರೆತಿದ್ದರು. ಅವನು ಕಿರುಚಿದ.

"ನಿಲ್ಲಿಸ್ರೋ! ಡಾಕ್ಟ್ರೇ ಮಾತ್ರೆ ಸಾಕು ಅಂದ್ರು ಅಂತ ಸುಳ್ಳು ಏಳಿದ್ಯಲ್ಲಪ್ಪ. ಅಕ್ಕ, ನೀನಾದ್ರೂ ನನ್ನ ಒಂದ್ ಮಾತು ಕೇಳಿದ್ಯಾ? ನನ್ ಕಾಯಿಲೆ ಕಣಕ್ಕ ಇದು. ಎಣ್ಣಿನ ಕಡೆಯವರಿಗೆ ನಾನೇ ಏಳ್ತಿದ್ದೆ." ಕಿವಿ ಮುಚ್ಚಿಕೊಂಡ. "ಈಗ್ಲೂ ಬೈತಾವ್ರೆ. ನಿಮ್ಮಿಬ್ರಿಗಿಂತ ಜೋರಾಗಿ ಬೈತಾವ್ರೆ."

ಆ ಮಧ್ಯಾಹ್ನವೇ ಅಕ್ಕ ತಮ್ಮ ಇಬ್ಬರೂ ಆಸ್ಪತ್ರೆಗೆ ಬಸ್ಸು ಹಿಡಿದರು. ಹೆಬ್ಬಾಳ ದಾಟುವವರೆಗೂ ಅವನು ಅವಳ ಮುಖ ನೋಡಲಿಲ್ಲ. ದಾಟಿದ ಮೇಲೆ ಅವಳೇ, "ನಿನ್ನ ಕೇಳ್ಬೇಕಿತ್ತು ಕಣಪ್ಪ," ಎಂದಳು. ಅವನು ಕಿಟಕಿಯತ್ತ ಮುಖ ತಿರುಗಿಸಿದ. ಆದರೆ ಅವಳ ಪಕ್ಕದಿಂದ ಏಳಲಿಲ್ಲ.

ದನಿಗಳು ತಗ್ಗಲು ಬಹಳ ದಿನ ಹಿಡಿಯಿತು. ಪಿಳ್ಳಣ್ಣ ಕಾರ್ಖಾನೆಗೆ ಮರಳಿದ, ಅಪ್ಪನೊಡನೆ ಮಾತೂ ಆಡಿದ. ಲಕ್ಕಮ್ಮ ಆಡಲಿಲ್ಲ. ಮುದ್ದೆಯ ತಟ್ಟೆಯನ್ನು ಅಪ್ಪನ ಮುಂದೆ ಸದ್ದಾಗುವಂತೆ ಇಟ್ಟು ಒಳಗೆ ಹೋಗುತ್ತಿದ್ದಳು.