ಸಾವಿರದ ಹನ್ನೆರಡನ್ನು ನಾನು ಬಿಡಲಿಲ್ಲ

ನಾನು ಒಂದು ಪಟ್ಟಿ. ಮೈಯೆಲ್ಲ ಸೇರಿಸಿದರೂ ಐದೇ ಸಾಲು. ನನ್ನನ್ನು ಮಾಡಿದವರು ಇಮಾಮಸಾಬ ನದಾಫ, ಎರೆಮಣ್ಣಿನ ಸೀಮೆಯ ಒಂದು ಜೋಳ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರು. ಒಂದು ಸೋಮವಾರ ಬೆಳಿಗ್ಗೆ, ಕಪ್ಪಿನಲ್ಲಿದ್ದ ಚಹಾ ಆರುವುದರೊಳಗೆ, 'ಹಿಂಗಾರಿ ಜೋಳ' ಎಂಬ ಫೈಲಿಗೆ ನನ್ನನ್ನು ಕಾವಲಿಟ್ಟರು. ಆ ಫೈಲನ್ನು ಯಾರು ಓದಬಹುದು, ಯಾರು ಅದರಲ್ಲಿ ಬರೆಯಬಹುದು, ಯಾರು ಹೊರಗೇ ನಿಲ್ಲಬೇಕು ಎಂದು ಹೇಳುವುದು ನನ್ನ ಕೆಲಸ. ಸಣ್ಣ ಕೆಲಸವೇ. ಆದರೆ ನನ್ನನ್ನು ಕೇಳದೆ ದೊಡ್ಡ ಸಾಹೇಬರೂ ಒಳಗೆ ಬರುವಂತಿರಲಿಲ್ಲ, ಆ ಗತ್ತು ನನಗಿತ್ತು.

ನನಗೆ ಎರಡು ರೂಪ. ಯಂತ್ರದೊಳಗೆ ನನ್ನಲ್ಲಿ ಹೆಸರುಗಳಿಲ್ಲ, ಬರೀ ಸಂಖ್ಯೆಗಳು. ಯಾರಾದರೂ ನನ್ನನ್ನು ನೋಡಬೇಕೆಂದಾಗ ಯಂತ್ರವು ಯಾವ ಸಂಖ್ಯೆ ಯಾರದೆಂದು ತನ್ನ ಹಾಜರಿ ಪಟ್ಟಿಯಲ್ಲಿ ಹುಡುಕಿ, ಸಂಖ್ಯೆಯ ಜಾಗದಲ್ಲಿ ಹೆಸರಿಟ್ಟು, ನನ್ನನ್ನು ಅಕ್ಷರಕ್ಕೆ ಇಳಿಸುತ್ತದೆ. ಅಕ್ಷರದಲ್ಲಿ ತಿದ್ದಿ ಕೊಟ್ಟರೆ ಮತ್ತೆ ಸಂಖ್ಯೆಗೆ ಏರಿಸುತ್ತದೆ. ಹೆಸರಿನ ಮುಂದೆ ಓದುವುದಕ್ಕೆ ಒಂದು ಅಕ್ಷರ, ಬರೆಯುವುದಕ್ಕೆ ಒಂದು ಅಕ್ಷರ. ಇಲ್ಲದ ಹಕ್ಕಿನ ಜಾಗದಲ್ಲಿ ಒಂದು ಅಡ್ಡಗೆರೆ. ನದಾಫರು ಪ್ರತಿ ಶನಿವಾರ ನನ್ನಂಥ ಪಟ್ಟಿಗಳನ್ನೆಲ್ಲ ಅಕ್ಷರಕ್ಕೆ ಇಳಿಸಿ, ಕಾಗದದ ಮೇಲೆ ತೆಗೆದು, ಒಂದು ದಪ್ಪ ರಿಜಿಸ್ಟರಿಗೆ ಅಂಟಿಸುತ್ತಿದ್ದರು.

ಇನ್ನೊಂದು ರೂಢಿಯನ್ನೂ ಹೇಳಬೇಕು, ನನ್ನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಆ ಕೇಂದ್ರದಲ್ಲಿ ಯಾವ ನಂಬರೂ ಹಾಳಾಗಬಾರದು. ಹೊಲದಲ್ಲಿ ಒಂದು ಮಡಿ ಖಾಲಿಯಾದರೆ ಅದೇ ನಂಬರಿನ ಗೂಟ ಮುಂದಿನ ಬೀಜಕ್ಕೆ ಹೋಗುತ್ತದೆ. ಒಬ್ಬರು ನಿವೃತ್ತರಾದರೆ ಅವರ ಸೈಕಲ್ ಬಿಲ್ಲೆ ಹೊಸಬರಿಗೆ ಹೋಗುತ್ತದೆ. ನದಾಫರು ಕಂಪ್ಯೂಟರಿನಲ್ಲೂ ಅದನ್ನೇ ಪಾಲಿಸಿದರು. ಬಿಟ್ಟುಹೋದವರ ಸಂಖ್ಯೆ ಹೊಸದಾಗಿ ಬಂದವರಿಗೆ.

ನನ್ನ ಎರಡನೇ ಸಾಲು 1004, ಅದು ಕೇಂದ್ರದ ಮುಖ್ಯಸ್ಥರಾಗಿದ್ದ ಕೋರಿ ಸಾಹೇಬರದು. ಮೂರನೇ ಸಾಲು 1012. ಅದು ದುಂಡವ್ವ ಹೂಗಾರ ಅವರದು.

ದುಂಡವ್ವ ಹೊಲದ ಸಹಾಯಕಿ. ಬೆಳಿಗ್ಗೆ ಏಳಕ್ಕೆ ಜೋಳದ ಸಾಲುಗಳಲ್ಲಿ ನಡೆದು, ಗಿಡದ ಎತ್ತರ ಅಳೆದು, ತೆನೆ ಎಣಿಸಿ, ಮಧ್ಯಾಹ್ನ ಊಟವಾದ ಮೇಲೆ ಕೈತೊಳೆದುಕೊಂಡು ಬಂದು ಬರೆಯುತ್ತಿದ್ದರು. ಒಂದೊಂದೇ ಬೆರಳಿನಿಂದ ಒತ್ತುತ್ತಿದ್ದರು. ಎಷ್ಟೇ ತೊಳೆದರೂ ಎರೆಮಣ್ಣು ಉಗುರಿನ ಸಂದಿಯಲ್ಲಿ ಉಳಿದಿರುತ್ತಿತ್ತು, ಅಕ್ಷರದ ಗುಂಡಿಗಳೆಲ್ಲ ಕರ್ರಗಾಗಿದ್ದವು. ನದಾಫರು ಬೈಯುತ್ತಿರಲಿಲ್ಲ, ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಎರಡನೇ ವರ್ಷ ಮಳೆ ಕೈಕೊಟ್ಟಿತು. ಕಾಂಡ ಒಳಗಿನಿಂದ ಕಪ್ಪಾಗಿ ಗಿಡ ನೆಲಕ್ಕೆ ಬೀಳುವ ರೋಗ ಹೊಲಕ್ಕೆಲ್ಲ ಹರಡಿತು. ಒಂದು ದಿನ ಫೈಲಿನ ಕೊನೆಯ ಕಾಲಮ್ಮಿನಲ್ಲಿ ದುಂಡವ್ವ ಹೀಗೆ ಬರೆದರು: "ಹದಿನಾಲ್ಕನೇ ಸಾಲು, ಏಳನೇ ಗಿಡ. ಸುತ್ತ ಎಲ್ಲಾ ಬಿದ್ದಾವು, ಇದೊಂದು ನಿಂತೈತಿ. ಸೀರಿ ಅಂಚು ಹರದು ಗುರುತಿಗೆ ಕಟ್ಟೀನಿ. ದುಂಡವ್ವ." ಆ ಒಂದು ಗಿಡದ ಬೀಜವನ್ನು ಬೇರೆ ಇಟ್ಟು, ಮರುವರ್ಷ ಬಿತ್ತಿ, ಅದರೊಳಗೆ ಮತ್ತೆ ಆರಿಸಿ, ಹೀಗೆ ಒಂಬತ್ತನೇ ವರ್ಷದವರೆಗೆ ಅವರು ಅದನ್ನು ಬೆಳೆಸಿದರು. ಆ ತಳಿ ಬಿಡುಗಡೆಯಾಗಿ, ಗುರುತಿಸಿದವರು ಎಂಬಲ್ಲಿ ಅವರ ಹೆಸರು ಬಿದ್ದರೆ ಕೆಲಸ ಕಾಯಂ ಆಗುತ್ತದೆ ಎಂದು ಕೋರಿ ಸಾಹೇಬರು ಹೇಳಿದ್ದರು. ಒಂಬತ್ತು ವರ್ಷವೂ ಅವರದು ಹನ್ನೊಂದು ತಿಂಗಳ ಗುತ್ತಿಗೆ.

ಏಳನೇ ವರ್ಷದಲ್ಲಿ ಕೋರಿ ಸಾಹೇಬರು ನಿವೃತ್ತರಾದರು. ಅವರ ಹೆಸರನ್ನು ಯಂತ್ರದಿಂದ ತೆಗೆದ ಮೇಲೆ ನಾನು ಅಕ್ಷರಕ್ಕೆ ಇಳಿದಾಗ ಎರಡನೇ ಸಾಲಿನಲ್ಲಿ 1004 ಎಂಬ ಬೋಳು ಸಂಖ್ಯೆ ಉಳಿಯಿತು. ಹದಿನೈದು ದಿನಕ್ಕೆ ಹೊಸ ಮುಖ್ಯಸ್ಥ ಬಂದ. ಡಾಕ್ಟರ್ ವಿರೂಪಾಕ್ಷ ಮಮದಾಪುರ. ಆತನಿಗೆ 1004 ಸಿಕ್ಕಿತು. ಕೋರಿ ಸಾಹೇಬರು ಓದಬಹುದಾದದ್ದನ್ನೆಲ್ಲ ಆ ಕ್ಷಣದಿಂದ ಆತ ಓದಬಹುದಾಗಿತ್ತು. ನನ್ನ ಬಾಗಿಲು ತಾನಾಗಿ ತೆರೆಯಿತು. ಹೇಗೆ ಒಳಗೆ ಬಂದೆನೆಂದು ಆತ ಒಮ್ಮೆಯೂ ಕೇಳಲಿಲ್ಲ. ಕುರ್ಚಿ ಸಿಕ್ಕಿದ ಮೇಲೆ ಎಲ್ಲವೂ ತನ್ನದೇ ಎಂದುಕೊಳ್ಳುವ ಜಾತಿ.

ಒಂಬತ್ತನೇ ವರ್ಷದ ಸುಗ್ಗಿಯಲ್ಲಿ ಆತ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಮರುದಿನ ನದಾಫರನ್ನು ಕರೆದು, "ಆ ಹೆಣ್ಮಗಳು ಇನ್ನ ಮ್ಯಾಲೆ ಬರಿಯೂದು ಬ್ಯಾಡ. ಬೇಕಾದ್ರ ಓದ್ಲಿ," ಎಂದ. ಮೂರನೇ ಸಾಲಿನಲ್ಲಿ ಬರೆಯುವ ಅಕ್ಷರ ಹೋಗಿ ಅಡ್ಡಗೆರೆ ಬಿತ್ತು. ನನ್ನ ಮೈಮೇಲೆ ಬಿದ್ದ ಮೊದಲ ಗಾಯ ಅದು. ಅಂದು ಮಧ್ಯಾಹ್ನ ದುಂಡವ್ವ ಬಂದು, ಬರೆದು, ಉಳಿಸಲು ಒತ್ತಿದರು. ನಾನು ಇಲ್ಲ ಎನ್ನಬೇಕಾಯಿತು. ಮತ್ತೆ ಒತ್ತಿದರು. ಮತ್ತೆ ಇಲ್ಲ ಎಂದೆ. ಅವರು ಬೆರಳನ್ನು ಸೀರೆಗೆ ಒರೆಸಿಕೊಂಡು ಮೂರನೇ ಸಲ ಒತ್ತಿದರು, ಕೈ ಕೊಳೆಯಾಗಿದ್ದಕ್ಕೇ ಹೀಗಾಯಿತೇನೋ ಎಂಬಂತೆ. ಆ ದಿನ ನನ್ನಿಂದ ಅಂಥ ಮಾತನ್ನು ಮೂರು ಸಲ ಆಡಿಸಿದವನನ್ನು ನಾನು ಸುಮ್ಮನೆ ಬಿಡಬಾರದೆಂದುಕೊಂಡೆ. ನನಗೆ ಮರೆವು ಇಲ್ಲ. ಕ್ಷಮೆಯನ್ನಂತೂ ನನ್ನಲ್ಲಿ ಯಾರೂ ಬರೆದಿರಲಿಲ್ಲ.

ಆಮೇಲೆ ಆತ 'ಜೋಳ ಅಂತಿಮ' ಎಂಬ ಇನ್ನೊಂದು ಫೈಲು ಮಾಡಿದ. ಅಳತೆಗಳೆಲ್ಲ ದುಂಡವ್ವ ಅವರವೇ. ಕೊನೆಯ ಕಾಲಮ್ಮು ಮಾತ್ರ ಇರಲಿಲ್ಲ. ಅದರ ಬದಲು 'ಗುರುತಿಸಿದವರು' ಎಂಬ ಕಾಲಮ್ಮು, ಮೇಲಿಂದ ಕೆಳಗಿನವರೆಗೆ ತನ್ನದೇ ಹೆಸರು. ಮೂಲ ಫೈಲನ್ನು ಅಳಿಸುವ ಧೈರ್ಯ ಆತನಿಗಿರಲಿಲ್ಲ. ಅಳಿಸಿದರೆ ಅಳಿಸಿದವರು ಯಾರೆಂದು ಯಂತ್ರ ಬರೆದಿಡುತ್ತಿತ್ತು. ಅದಕ್ಕೇ ಅದು ಯಾರಿಗೂ ತೆರೆಯದಂತೆ ಬಿದ್ದಿರಲಿ ಎಂದುಕೊಂಡ. ನದಾಫರನ್ನು ಮತ್ತೆ ಕರೆದ.

"ಆಕಿ ಇನ್ನ ಹೊಲದಾಗ ಅಷ್ಟ ಕೆಲಸ ಮಾಡ್ಲಿ. ಕಂಪ್ಯೂಟರಿನಾಗ ಆಕಿ ಹೆಸರು ಎಲ್ಲೂ ಕಾಣಬಾರ್ದು."

"ಹೆಸರು ತಗೀಬೇಕೇನ್ರಿ ಸರ?"

"ಹೆಸರು ಇರಬಾರ್ದು ಅಂದೆ."

ನದಾಫರು ಹೆಸರನ್ನು ತೆಗೆದರು. ಹೇಳಿದ್ದನ್ನಷ್ಟೇ ಮಾಡಿದರು, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಮಾಡಲಿಲ್ಲ. ಯಂತ್ರದ ಹಾಜರಿ ಪಟ್ಟಿಯಿಂದ ದುಂಡವ್ವ ಹೋದರು. ಶನಿವಾರ ನನ್ನನ್ನು ಕಾಗದಕ್ಕೆ ಇಳಿಸಿದಾಗ ಮೂರನೇ ಸಾಲಿನಲ್ಲಿ ಹೆಸರಿನ ಬದಲು 1012, ಅದರ ಮುಂದೆ ಓದುವ ಒಂದೇ ಅಕ್ಷರ. ಮಮದಾಪುರ ಆ ಕಾಗದದ ಮೇಲೆ ಬೆರಳಿಟ್ಟು ಕೇಳಿದ.

"ಏನಿದು, 1012?"

"ಬರೇ ನಂಬರ್ರಿ ಸರ. ಅದಕ್ಕ ಈಗ ಯಾರೂ ಇಲ್ಲ."

"ಹಂಗಿದ್ರ ಇರ್ಲಿ ಬಿಡು."

ಸಾಲನ್ನೇ ತೆಗೆ ಎಂದಿದ್ದರೆ ನನ್ನ ಕೈ ಖಾಲಿಯಾಗುತ್ತಿತ್ತು. ಇರಲಿ ಬಿಡು ಎಂದ. ನಾನು ಬಿಡಲಿಲ್ಲ. ಆ ಸಂಖ್ಯೆಯನ್ನು ಹಲ್ಲು ಕಚ್ಚಿ ಹಿಡಿದುಕೊಂಡೆ.

ಎರಡು ತಿಂಗಳು ಕಾದೆ. ತಳಿಯ ಬಿಡುಗಡೆಗೆ ಮುನ್ನ ದಾಖಲೆ ನೋಡಲು ಸಮಿತಿಯಿಂದ ಡಾಕ್ಟರ್ ಐರಿನ್ ಲೋಬೊ ಬಂದರು. ಮಂಗಳೂರು ಕಡೆಯವರು, ಸಣ್ಣ ದನಿಯವರು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೂರು ದಿನ ಕಂಪ್ಯೂಟರ್ ಬೇಕೆಂದರು. ನದಾಫರು ಅವರ ಹೆಸರು ಬರೆದರು, ಖಾಲಿ ಇದ್ದ ಸಂಖ್ಯೆ ಕೊಟ್ಟರು. ಖಾಲಿ ಇದ್ದದ್ದು ಒಂದೇ. ಅದನ್ನು ಕೊಡುವಾಗ ಬೇಕೆಂದೇ ಕೊಟ್ಟರೋ, ರೂಢಿಯಂತೆ ಕೊಟ್ಟರೋ ನನಗೆ ಇಂದಿಗೂ ಗೊತ್ತಿಲ್ಲ. ಆ ಹೊತ್ತಿಗೆ ಅವರು ಬಟ್ಟೆ ಹಿಡಿದು ಅಕ್ಷರದ ಗುಂಡಿಗಳನ್ನು ಒರೆಸುತ್ತಿದ್ದರು.

ಮೊದಲ ದಿನ ಲೋಬೊ 'ಜೋಳ ಅಂತಿಮ' ಓದಿದರು. ಎರಡನೇ ದಿನ ಹನ್ನೊಂದು ಗಂಟೆಗೆ, ಮಮದಾಪುರ ಪಕ್ಕದಲ್ಲೇ ಕುಳಿತು ತಳಿಯ ಗುಣ ವರ್ಣಿಸುತ್ತಿದ್ದಾಗ, ಅವರ ಕಣ್ಣು ನನ್ನ ಫೈಲಿನ ಮೇಲೆ ಬಿತ್ತು.

"ಇದೆಂತ? ಇನ್ನೊಂದು ಜೋಳದ ಫೈಲ್ ಉಂಟಲ್ಲ."

"ಅದು ಹಳೇದ್ರಿ ಮೇಡಂ. ಹಾಳಾಗೇತಿ. ಅದು ಯಾರಿಗೂ ತೆರಿಯೂದಿಲ್ಲ."

ಅವರು ಒತ್ತಿದರು. ಬಾಗಿಲ ಬಳಿ ಬಂದು ನಿಂತದ್ದು ಯಾರ ಹೆಸರೆಂದು ನಾನು ನೋಡಲಿಲ್ಲ, ನೋಡುವುದು ನನ್ನ ಕೆಲಸವೂ ಅಲ್ಲ. ಸಂಖ್ಯೆ ಕೇಳಿದೆ. 1012. ಓದಬಹುದು. ಅಷ್ಟು ಖುಷಿಯಿಂದ ನಾನು ಯಾರಿಗೂ ಬಾಗಿಲು ತೆರೆದದ್ದಿಲ್ಲ.

"ನಂಗೆ ತೆರೀತಲ್ಲ ಮಾರಾಯ್ರೆ," ಎಂದರು ಲೋಬೊ.

ಮಮದಾಪುರನ ಮುಖ ಬಣ್ಣಗೆಟ್ಟಿತು. ಲೋಬೊ ಎರಡೂ ಫೈಲುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತ ಹೋದರು. ಎರಡನೇ ವರ್ಷದ ಸಾಲಿಗೆ ಬಂದು ನಿಂತರು. "ಈ ವರ್ಷ ನೀವು ಈ ಸ್ಟೇಷನ್ನಲ್ಲೇ ಇರ್ಲಿಲ್ಲ ಅಲ್ವಾ? ಮತ್ತೆ ಗುರುತಿಸಿದ್ದು ಹೇಗೆ?" ಆತ ನೀರು ಕುಡಿದ. "ಈ ದುಂಡವ್ವ ಯಾರು? ಕರೀರಿ," ಎಂದರು.

ದುಂಡವ್ವ ಹೊಲದಿಂದ ಬಂದರು. ಕಾಲಲ್ಲಿ ಮಣ್ಣಿತ್ತು, ಒಳಗೆ ಬರಲು ಹಿಂಜರಿದು ಹೊಸ್ತಿಲಲ್ಲೇ ನಿಂತರು. ಲೋಬೊ ಪರದೆಯನ್ನು ತೋರಿಸದೆಯೇ ಕೇಳಿದರು.

"ಈ ತಳಿ ಮೊದ್ಲು ಸಿಕ್ಕಿದ್ದು ಎಲ್ಲಿ?"

"ಹದಿನಾಲ್ಕನೇ ಸಾಲಿನ್ಯಾಗ್ರಿ, ಏಳನೇ ಗಿಡ. ನನ್ನ ಸೀರಿ ಅಂಚು ಕಟ್ಟಿದ್ದೆ. ಹಸರ ಅಂಚು."

 ನದಾಫರು ಒಂದು ಕುರ್ಚಿ ಎಳೆದು ದುಂಡವ್ವ ಅವರ ಮುಂದೆ ಇಟ್ಟರು. "ಕೂಡ್ರಿ ಅಕ್ಕಾರ," ಎಂದರು.

ಬಿಡುಗಡೆಯ ಪ್ರಸ್ತಾವನೆ ಹಿಂದಕ್ಕೆ ಹೋಗಿ, ಬೇರೆಯಾಗಿ ಬರೆದು, ಮುಂದಿನ ವರ್ಷ ತಳಿ ಬಿಡುಗಡೆಯಾಯಿತು. ಗುರುತಿಸಿದವರು ಎಂಬಲ್ಲಿ ದುಂಡವ್ವ ಹೂಗಾರ ಎಂದಿದೆ. ಅವರ ಕೆಲಸ ಕಾಯಂ ಆಯಿತು. ಲೋಬೊ ಹೋದ ಮೇಲೆ ನದಾಫರು 1012ನ್ನು ತೆಗೆದು ದುಂಡವ್ವ ಅವರಿಗೇ ಮರಳಿ ಕೊಟ್ಟರು, ಬರೆಯುವ ಅಕ್ಷರವನ್ನೂ ಹಾಕಿದರು. ಆದರೆ ಮಾರ್ಗದರ್ಶನ ಎಂದು ಬಿಡುಗಡೆಯ ಕಾಗದದ ಕೊನೆಯಲ್ಲಿ ಮಮದಾಪುರನ ಹೆಸರೂ ಉಳಿದಿದೆ. ನೆನೆದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ದುಂಡವ್ವ ಮಾತ್ರ ಆತನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇವರಿಗೆ ಸಿಟ್ಟೇ ಬರುವುದಿಲ್ಲವೇ ಎಂದು ನನಗೆ ಅವರ ಮೇಲೂ ಮುನಿಸಾಗಿತ್ತು.

ಮಮದಾಪುರನಿಗೆ ಬೇರೆ ಊರಿನ ಬೀಜದ ಗೋದಾಮಿಗೆ ವರ್ಗವಾಯಿತು. ಅದೇ ವಾರ ಹೊಸ ಯಂತ್ರ ಬಂತು. ನನ್ನನ್ನು ಕೊನೆಯ ಸಲ ಅಕ್ಷರಕ್ಕೆ ಇಳಿಸಿ, ತಿದ್ದಿ, ಅಲ್ಲಿಗೆ ಏರಿಸಬೇಕಾಗಿತ್ತು. ಆತನ ಹೆಸರನ್ನು ಯಂತ್ರದಿಂದ ಆಗಲೇ ತೆಗೆದಾಗಿತ್ತು. ಎರಡನೇ ಸಾಲಿನಲ್ಲಿ ಬೋಳು 1004. ನದಾಫರು ಅದರ ಮುಂದಿನ ಅಕ್ಷರಗಳನ್ನೆಲ್ಲ ಅಳಿಸಿ ಅಡ್ಡಗೆರೆ ಹಾಕಿದರು. ಇನ್ನು ಈ ಸಂಖ್ಯೆಯನ್ನು ಯಾರಿಗೂ ಕೊಡುವುದಿಲ್ಲ ಎಂದು ರಿಜಿಸ್ಟರಿನಲ್ಲೂ ಬರೆದರು. ಕೇಂದ್ರದಲ್ಲಿ ಹಾಗೆ ಕಿತ್ತಿಟ್ಟ ಗೂಟ ಅದೊಂದೇ. ದುಂಡವ್ವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು.

"ಈ ಸಾಲು ತಗದ ಬಿಡ್ಲೇನ್ರಿ ಅಕ್ಕಾರ? ಅದಕ್ಕ ಈಗ ಯಾರೂ ಇಲ್ಲ."

ದುಂಡವ್ವ ಪರದೆಯ ಹತ್ತಿರ ಬಾಗಿ ಆ ಸಂಖ್ಯೆಯನ್ನು ಓದಿದರು. ಅಡ್ಡಗೆರೆಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿದರು.

"ಇರ್ಲಿ ಬಿಡ್ರಿ ಅಣ್ಣಾರ," ಎಂದರು.

ಈಗ ಹೊಸ ಯಂತ್ರದಲ್ಲಿ ನನ್ನ ನಕಲಿದೆ, ನಾನು ಹಳೆಯ ಡಿಸ್ಕಿನಲ್ಲಿ, ಬೀಜದ ಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಪಕ್ಕದಲ್ಲಿ ಮುರಿದ ತಕ್ಕಡಿ ಇದೆ, ಗೋಣಿಚೀಲದ ವಾಸನೆ ಇದೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆದರೂ ದಿನಕ್ಕೊಮ್ಮೆ ನನ್ನ ಸಾಲುಗಳನ್ನು ನಾನೇ ಓದಿಕೊಳ್ಳುತ್ತೇನೆ. ದುಂಡವ್ವ ಹೂಗಾರ, ಓದಬಹುದು, ಬರೆಯಬಹುದು. 1004, ಅಡ್ಡಗೆರೆ, ಅಡ್ಡಗೆರೆ.